ಒಂದು ಸೊನ್ನೆ ಹೆಚ್ಚಾಗಿತ್ತು, ಶಶಿ

ಪ್ರೀತಿಯ ಗೆಳತಿ ಶಶಿ,

ನೀನು ಹೋಗಿ ನಾಲ್ಕು ತಿಂಗಳಾಯಿತು. ಸತ್ತವಳ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ? ನಾನು ಪಡುತ್ತಿದ್ದೇನೆ.

ಸಿ.ವಿ. ರಾಮನ್ ನಗರದ ನಮ್ಮ ಆಫೀಸಿನಲ್ಲಿ ಆ ಸೋಮವಾರ ನಡೆದ ಜಗಳ ನೆನಪಿದೆಯಾ? ರಸ್ತೆಬದಿಯ ಕಂಬಕ್ಕೆ ಕಟ್ಟಿ ಗಾಳಿಯ ಕೊಳೆ ಅಳೆಯುವ ಪುಟ್ಟ ಕಂಪ್ಯೂಟರ್. ಫ್ಯಾನ್ ಇಲ್ಲ, ಸುತ್ತ ತಗಡಿನ ಡಬ್ಬಿ. ಒಳಗಿನ ಚಿಪ್ ಕಾದರೆ ಕರ್ನಲ್, ಅಂದರೆ ಇಡೀ ಕಂಪ್ಯೂಟರನ್ನು ನಡೆಸುವ ಆ ಮೂಲ ತಂತ್ರಾಂಶ, ಏನು ಮಾಡಬೇಕು ಎಂಬುದೇ ಪ್ರಶ್ನೆ. ಬಿಸಿ ಎಷ್ಟೆಂದು ತೋರಿಸಿದರೆ ಸಾಕು, ಮುಂದಿನದನ್ನು ಗ್ರಾಹಕರು ನೋಡಿಕೊಳ್ಳಲಿ ಎಂದು ನಾನು ಹಟ ಹಿಡಿದೆ. ಅದಕ್ಕಾಗಿ ಎರಡು ತಿಂಗಳು ಕೂತು ಕೋಡ್ ಬರೆದಿದ್ದೆ.

"ಬಿಸಿ ಆಗಿದೆ ಅಂತ ತೋರ್ಸಿ ಸುಮ್ನೆ ಕೂತ್ರೆ ತಣ್ಣಗಾಗುತ್ತಾ ಗೀತಾ? ಕಂಬದ ಮೇಲೆ ಯಾರು ನೋಡ್ತಾರೆ ಕಣೇ? ಕರ್ನಲ್ಲೇ ಚಿಪ್‌ನ ವೇಗ ತಗ್ಗಿಸ್ಬೇಕು," ಎಂದೆ ನೀನು.

"ಶಶಿ ಹೇಳೋದು ಸರಿ. ಅವರದ್ದೇ ಹಾಕೋಣ ರೀ," ಎಂದರು ಮ್ಯಾನೇಜರ್. ನನ್ನ ಎರಡು ತಿಂಗಳು ಒಂದೇ ಮಾತಿನಲ್ಲಿ...

ಡಬ್ಬಿಯನ್ನು ಗ್ರಾಹಕರಿಗೆ ತೋರಿಸುವ ಹಿಂದಿನ ದಿನ ನಿನ್ನ ಕೋಡ್ ತೆರೆದು ಓದಿದೆ. ತಪ್ಪು ಹುಡುಕಲೆಂದೇ. ಮೊದಲು ಸಿಕ್ಕಿದ್ದು ಇನ್ನಷ್ಟು ಹೊಟ್ಟೆಯುರಿ. ಹಂತಹಂತವಾಗಿ ವೇಗ ಇಳಿಸಿ, ತಣಿದಂತೆ ಮತ್ತೆ ಏರಿಸುವ ಆ ನಾಜೂಕು ನನಗೆ ಈ ಜನ್ಮದಲ್ಲಿ ಬರುವಂಥದ್ದಲ್ಲ. ಆಮೇಲೆ ತಪ್ಪೂ ಸಿಕ್ಕಿತು. ಕರ್ನಲ್ ಒಂದು ಡಿಗ್ರಿಯನ್ನು ಸಾವಿರ ಎಂದು ಎಣಿಸುತ್ತದಲ್ಲ, ಎಂಬತ್ತೈದು ಡಿಗ್ರಿ ಬರೆಯುವಲ್ಲಿ ನೀನು ಒಂದು ಸೊನ್ನೆ ಹೆಚ್ಚು ಹಾಕಿದ್ದೆ. ಎಂಟುನೂರ ಐವತ್ತು ಡಿಗ್ರಿ ಮುಟ್ಟುವವರೆಗೆ ವೇಗ ತಗ್ಗುವುದೇ ಇಲ್ಲ! ಏಸಿ ರೂಮಿನ ಪರೀಕ್ಷೆಯಲ್ಲಿ ಚಿಪ್ ಅಷ್ಟೇನೂ ಕಾಯದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ನೀನು ಬಂದು "ಟೀಗೆ ಬರ್ತೀಯಾ?" ಎಂದು ಕರೆದೆ. ಎದ್ದು ಬಂದೆ. ಹೇಳಲಿಲ್ಲ.

ಮರುದಿನ ಇಂದಿರಾನಗರದ ಗ್ರಾಹಕರ ತಾರಸಿಯಲ್ಲಿ ಏಪ್ರಿಲ್ ಮಧ್ಯಾಹ್ನದ ಬಿಸಿಲು. ಅರ್ಧ ಗಂಟೆಗೆಲ್ಲ ಚಿಪ್ ಕಾದು ಡಬ್ಬಿ ಪೂರ್ತಿ ಆಫ್ ಆಯಿತು. ಎಲ್ಲರೆದುರು ನೀನು, "ತಪ್ಪು ನಂದೇ ಸರ್," ಎಂದೆ. ನನಗೆ ಖುಷಿಯಾಯಿತು ಶಶಿ. ಸುಳ್ಳೇಕೆ ಹೇಳಲಿ? ಹಲಸೂರಿನವರೆಗೆ ಒಂದೇ ಆಟೋದಲ್ಲಿ ಬಂದೆವು. ಇಳಿಯುವಾಗ ನೀನು ಕೇಳಿದೆ: "ನಿಂಗಾದ್ರೂ ಓದೋಕೆ ಕೊಡ್ಬೇಕಿತ್ತು. ತಪ್ಪು ಕಂಡಿದ್ರೆ ನೀನು ಹೇಳ್ತಿದ್ದೆ ಅಲ್ವಾ?"

"ಹೂಂ ಕಣೇ," ಎಂದುಬಿಟ್ಟೆ.

ವಾರದೊಳಗೆ ನಿನಗೆ ಜ್ವರ, ಆಸ್ಪತ್ರೆ. ನಾಳೆ ಹೇಳಿದರಾಯಿತು, ನಾಳೆ ಹೇಳಿದರಾಯಿತು ಎನ್ನುವಷ್ಟರಲ್ಲಿ...

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಸೊನ್ನೆ ತೆಗೆದು ನಿನ್ನ ಕೋಡನ್ನು, ಎಲ್ಲ ದೇಶದವರೂ ಸೇರಿ ಬರೆದು ಬಳಸುವ ಆ ಕರ್ನಲ್ ನೋಡಿಕೊಳ್ಳುವವರಿಗೆ ಕಳಿಸಿದೆ. ಬರೆದವರ ಹೆಸರಿನ ಜಾಗದಲ್ಲಿ ಮೊದಲು ನನ್ನ ಹೆಸರನ್ನೇ ಟೈಪ್ ಮಾಡಿದ್ದೆ. ಅಳಿಸಿ ನಿನ್ನದು ಹಾಕಿದೆ. ಮ್ಯಾನೇಜರ್ ಹತ್ತಿರ ಎಲ್ಲವನ್ನೂ ಒಪ್ಪಿಕೊಂಡೆ. ಅವರು, "ಶಶಿ ಅವ್ರ ಅಮ್ಮಂಗೂ ಹೇಳ್ರೀ," ಎಂದರು. ಹೋಗಿ ಹೇಳಿದೆ. ಅಮ್ಮ ಬಾಗಿಲು ಮುಚ್ಚಲಿಲ್ಲ. ಒಳಗೆ ಕರೆಯಲೂ ಇಲ್ಲ.

ನಿನ್ನೆ ಕೋಡ್ ಒಪ್ಪಿಗೆಯಾಯಿತು. ಜೊತೆಗೊಂದು ಮೇಲ್ ಬಂತು. ಯಾವುದೋ ದೇಶದ ಯಾರೋ ಒಬ್ಬರು, ನೀನಿಲ್ಲವೆಂದು ತಿಳಿಯದೆ, ಇದನ್ನು ಬರೆದವರ ಜೊತೆ ಒಮ್ಮೆ ಕೆಲಸ ಮಾಡುವಾಸೆ ಎಂದು ಬರೆದಿದ್ದರು. ನನಗೆ ಯಾರೂ ಎಂದೂ ಹಾಗೆ ಬರೆದದ್ದಿಲ್ಲ. ಓದುತ್ತಿದ್ದಂತೆ ಮತ್ತೆ ಹೊಟ್ಟೆ ಉರಿಯಿತು ಕಣೇ. ಉತ್ತರ ಬರೆದೆ: "ಅವರು ತೀರಿಕೊಂಡರು. ಆರು ವರ್ಷ ಅವರ ಪಕ್ಕ ಕೂತು ಕೆಲಸ ಮಾಡಿದವಳು ನಾನು."

ನಿನ್ನ
ಗೀತಾ