ಬಾಗಿಲಿಗೆ ಅಡ್ಡ ಇಡುವ ಕೋಲು

ಅಕ್ಟೋಬರ್ 14, ಮಂಗಳವಾರ. ಫೆಸ್.

ನಮಾಜಿಗೋ ಊಟಕ್ಕೋ ಹೋಗುವಾಗ ಅಂಗಡಿಯ ಬಾಗಿಲಿಗೆ ಅಡ್ಡ ಇಡುವ ಕೋಲನ್ನೇ ಇವತ್ತು ಮಾರಿಬಿಟ್ಟೆ. ಅದು ಅಡ್ಡವಿದ್ದರೆ ನಮ್ಮ ಓಣಿಯಲ್ಲಿ ಕಳ್ಳನೂ ಒಳಗೆ ಕಾಲಿಡುವುದಿಲ್ಲ. ನಾನು ಬಣ್ಣ ಬಳಿದ ಬಟ್ಟಲುಗಳನ್ನು ಅಂಗಡಿಗೆ ಬಂದ ಪ್ರವಾಸಿ ಹೆಂಗಸೊಬ್ಬಳು ಕಣ್ಣೆತ್ತಿಯೂ ನೋಡಲಿಲ್ಲ. "ನೆನಪಿಗೆ ಇದೇ ಬೇಕು. ಇಂಥದ್ದು ಬೇರೆ ಅಂಗಡೀಲಿ ಸಿಗಲ್ಲ" ಎಂದಳು. ಅಪ್ಪನ ಕಾಲದ ಕೋಲು. ಹೆದರಿ ಓಡಲಿ ಎಂದೇ ಎಂಟುನೂರು ದಿರ್ಹಮ್ ಹೇಳಿದೆ. ಕೊಟ್ಟೇಬಿಟ್ಟಳು!

ಕೋಲಿಲ್ಲದೆ ಎದ್ದು ಹೋಗುವುದು ಹೇಗೆ? ಸಂಜೆಯವರೆಗೆ ಹಸಿದುಕೊಂಡು ಅಂಗಡಿಯಲ್ಲೇ ಕುಳಿತಿದ್ದೆ.

ಹೆಂಡತಿ ಗಿಜ್ಲಾನ್ ನಕ್ಕು ನಕ್ಕು ಸುಸ್ತಾದಳು. "ಪುಣ್ಯಕ್ಕೆ ನಾನು ಅಲ್ಲಿರಲಿಲ್ಲ ಕಣ್ರೀ. ನನ್ನನ್ನೂ ಕಾಗದದಲ್ಲಿ ಸುತ್ತಿ ಕೊಟ್ಬಿಡ್ತಿದ್ರಿ!"

ಅಪ್ಪಾ, ಕ್ಷಮಿಸು. ನಾಳೆ ಪೊರಕೆಯನ್ನು ಅಡ್ಡ ಇಡುತ್ತೇನೆ. ಅದನ್ನೂ ಯಾರಾದರೂ ಕೇಳಿದರೆ, ಅಲ್ಲಾನಾಣೆ, ಸಾವಿರಕ್ಕೆ ಕಡಿಮೆ ಕೊಡುವುದಿಲ್ಲ.