ಬಿದ್ದ ಗುರುತು

೧೪ ಆಗಸ್ಟ್ ೧೯೯೯, ಶನಿವಾರ. ಹುಕ್ಕೇರಿ

ಬೆಳಗಿನ ಶಾಲೆ. ನಾಳೆಯ ಧ್ವಜವಂದನೆಗೆ ತಾಲೀಮು. ಸಾಲಿನಲ್ಲಿ ನಿಂತಲ್ಲೇ ಶಿವಾನಿ ಓಲಾಡಿದಳು. ಮೂರನೆಯ ಸಲ ಬಿದ್ದಾಗ ನಾನೇ ಹೊರಗೆ ಕೂರಿಸಿದೆ — ಟೀಚರ್ ಆಗಿ. ತಾಯಿಯಾಗಿ ನೋಡುವ ಧೈರ್ಯ ಇರಲಿಲ್ಲ. ಒಂಬತ್ತು ವರ್ಷ. ಎರಡು ವರ್ಷದ ಹಿಂದೆ ಓಡುತ್ತಿದ್ದ ಹುಡುಗಿ.

ಸಂಜೆ ಮನೆಯೊಡತಿ ಭರಮವ್ವ ಎಣ್ಣೆ ತಂದಳು. "ಬಿದ್ದ ಪೆಟ್ಟು ಒಳಗ ಉಳದಿರತೈತ್ರಿ ಟೀಚರ್. ಉಜ್ಜಿ ನೋಡ್ರಿ."

ಆ ಪೆಟ್ಟಿನ ಕಥೆ ಇಲ್ಲಿಗೂ ಬಂದಿದೆ! ಗೋಕಾಕ ಬಸ್ ನಿಲ್ದಾಣ, ಮೂರು ವರ್ಷದ ಕೂಸು, ಬಸ್ಸಿನ ಮೆಟ್ಟಿಲು, ನನ್ನ ಕೈಯಿಂದ ಜಾರಿದ್ದು. ನಾಗನೂರಿನಲ್ಲಿ ಅತ್ತೆ ಈಗಲೂ ಅನ್ನುತ್ತಾಳೆ: "ಗಟ್ಟಿ ಹಿಡೀಬೇಕಿತ್ತು ನೀ." ಅತ್ತೆ ಅಂದರೆ ಬೇರೆ ಯಾರೂ ಅಲ್ಲ, ನನ್ನ ತಾಯಿಯ ತಾಯಿ ಕಾಶೆವ್ವ. ಸೋದರಮಾವನನ್ನೇ ಮದುವೆಯಾದವಳು ನಾನು. ಗಂಡನಾದ ಅಪ್ಪಣ್ಣ ಮಾವ ಏನೂ ಅನ್ನುವುದಿಲ್ಲ. ಆದರೆ ಅಂದಿನಿಂದ ನನ್ನ ಕೈಯಿಂದ ನೀರು ತೆಗೆದುಕೊಂಡಿಲ್ಲ. ಊಟಕ್ಕೆ ಕೂರುವ ಮೊದಲು ತಾನೇ ತುಂಬಿಕೊಳ್ಳುತ್ತಾನೆ. ಮಗಳನ್ನು ಕರೆದುಕೊಂಡು ಈ ಊರಿಗೆ ವರ್ಗ ಕೇಳಿ ಬಂದದ್ದು ಅದಕ್ಕೇ.

೨೬ ಆಗಸ್ಟ್

ಮಿರಜಕ್ಕೆ ಹೋಗಿ ಬಂದೆವು. ಎಂಆರ್‌ಐ — ತಲೆಯದು, ಬೆನ್ನುಹುರಿಯದು. ಮೈಮೇಲೆ ಲೋಹ ಇರಬಾರದಂತೆ. ಕೊರಳಿನ ಲಿಂಗದ ಬೆಳ್ಳಿ ಕರಡಿಗೆ ಬಿಚ್ಚುವಾಗ ಶಿವಾನಿ ಅತ್ತಳು.

"ಲಿಂಗ ಬಿಟ್ಟಿರಬಾರದಂತ ಅಜ್ಜಿ ಹೇಳ್ಯಾಳ."

"ನಾ ಹಿಡಕೊಂಡಿರ್ತೇನಿ."

"ಗಟ್ಟಿ ಹಿಡಕೊ."

ಇವಳ ಬಾಯಲ್ಲೂ ಅದೇ ಮಾತು.

ಅಲುಗಾಡಬೇಡ, ಮನಸ್ಸಿನಲ್ಲೇ ಮಗ್ಗಿ ಹೇಳಿಕೊ ಎಂದು ಕಳಿಸಿದೆ. ಒಳಗೆ ತಗಡು ಬಡಿದಂಥ ಸದ್ದು. ಹೊರಗೆ ಬೆಂಚಿನಲ್ಲಿ ಎಲ್ಲರ ಪಕ್ಕದಲ್ಲೂ ಯಾರೋ ಒಬ್ಬರಿದ್ದರು. ನನ್ನ ಪಕ್ಕ ಚೀಲ. ಮುಷ್ಟಿಯಲ್ಲಿ ಕರಡಿಗೆ. ಪೆಟ್ಟೇ ಕಾಣಲಿ ಎಂದು ಬೇಡಿಕೊಂಡೆ. ಪೆಟ್ಟಾದರೆ ಆಪರೇಶನ್ ಇರುತ್ತದೆ. ತಪ್ಪು ನನ್ನದೇ ಆಗಲಿ, ಮಗು ನಡೆಯಲಿ.

"ಹದಿನೇಳರ ತನಕ ಬಂತು," ಎಂದಳು ಹೊರಬಂದವಳು.

೩ ಸೆಪ್ಟೆಂಬರ್. ರೈಲಿನಲ್ಲಿ

ರಿಪೋರ್ಟ್ ಸಿಕ್ಕಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದರು. "ಬಿದ್ದ ಗುರುತು ಎಲ್ಲೂ ಇಲ್ರಿ. ಆದರ ಕುತ್ತಿಗಿ ಹತ್ರ ಬೆನ್ನುಹುರಿ ತೆಳುವಾಗೈತಿ." ಮೊಣಕಾಲಿಗೆ ಸುತ್ತಿಗೆಯಿಂದ ತಟ್ಟಿದರು. ಕಾಲು ಅಲುಗಲಿಲ್ಲ.

"ಸಂಬಂಧದಾಗ ಮದುವಿ ಏನ್ರಿ?"

"ಸೋದರಮಾವ."

ಬರೆಯುತ್ತಿದ್ದ ಪೆನ್ನು ನಿಂತಿತು. "ಸ್ಕ್ಯಾನ್ ಒಂದರ ಮ್ಯಾಲ ಹೆಸರು ಹೇಳಾಕ ಬರಂಗಿಲ್ಲ. ರಕ್ತ ಬೆಂಗಳೂರಿಗೆ ಕಳಸೂಣು. ಆದರ ಇದು ತಾಯಿ-ತಂದಿ ಇಬ್ಬರ ಕಡಿಂದ ಬರೋದು ಅನಸ್ತೈತಿ. ಗುಣ ಮಾಡೋ ಔಷಧ ಇಲ್ರಿ... ಮನಿತನದಾಗ ಮತ್ತ ಯಾರರ ಹಿಂಗಿದ್ರೇನು?"

ಇಲ್ಲ ಅಂದೆ. ಸುಳ್ಳಲ್ಲ, ಹಾಗೇ ತಿಳಿದಿದ್ದೆ.

ನಾನು ಕೆಡವಿದ್ದರಿಂದಲ್ಲ ಅನ್ನುವ ಕಾಗದ ಕೈಯಲ್ಲಿದೆ. ಆರು ವರ್ಷ ಕಾದದ್ದು. ಹರಿದು ಕಿಟಕಿಯಿಂದ ಎಸೆಯಬೇಕೆನಿಸಿತು.

ಘಟಪ್ರಭಾ ಹತ್ತಿರ ಬಂದಾಗ ನೆನಪಾಯಿತು — ಅಕ್ಕವ್ವ ಚಿಗವ್ವ. ಅವ್ವನ ತಂಗಿ. ಗೋಡೆ ಹಿಡಿದು ನಡೆಯುತ್ತಿದ್ದಳು, ಆಮೇಲೆ ಹಾಸಿಗೆ, ಇಪ್ಪತ್ತೆರಡಕ್ಕೆ ಹೋದಳು. ಅವಳನ್ನು ರೋಗಿ ಎಂದು ಯಾರೂ ಎಣಿಸಿರಲಿಲ್ಲ. ಸಣ್ಣವಳಿದ್ದಾಗ ಬಾವಿಯ ಮೆಟ್ಟಿಲಿನಲ್ಲಿ ಬಿದ್ದವಳು, ಅಷ್ಟೆ.

೧೯ ಸೆಪ್ಟೆಂಬರ್, ಭಾನುವಾರ. ನಾಗನೂರ, ಸಂಜೆ

ಹದಿನೈದು ದಿನ ಬರೆಯಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಇವತ್ತು ಅತ್ತೆಗೆ, ನನ್ನ ಅಜ್ಜಿಗೆ, ಹೇಳಿದೆ. ಫಿಲ್ಮನ್ನು ಬಾಗಿಲ ಬೆಳಕಿಗೆ ಹಿಡಿದು ತೋರಿಸಿದೆ. ಬಹಳ ಹೊತ್ತು ನೋಡಿದಳು.

"ಬಿದ್ದದ್ದಲ್ಲ?"

"ಅಲ್ಲ ಅಜ್ಜಿ. ಬೀಳಲಿ ಬಿಡಲಿ, ಇದು ಬರೂದಽ ಇತ್ತು."

"ಅಕ್ಕವ್ವನ್ನ ಆ ಮಶಿನ್ನಿನಾಗ ಹಾಕಿದ್ರ ಹಿಂಗಽ ಕಾಣತಿತ್ತೇನ?"

"ಕಾಣತಿತ್ತು ಅನಸ್ತೈತಿ."

ಅಜ್ಜಿ ತನ್ನ ಎರಡೂ ಅಂಗೈ ನೋಡಿಕೊಂಡಳು. "ಬಾವಿ ಮೆಟ್ಟಲಾಗ ನನ್ನ ಬಗಲಿಂದ ಜಾರಿದ್ಲು. ನಿಮ್ಮಜ್ಜ ಸಾಯೋತನಕ ನನ್ನ ಕೈಯಾಗಿನ ನೀರು ಇಸ್ಕೊಳ್ಳಲಿಲ್ಲ."

ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳ ಮೇಲೆ ಹಲ್ಲು ಮಸೆದೆನಲ್ಲ ಎಂದು ನಾಚಿಕೆಯಾಯಿತು. ಇಬ್ಬರೂ ಅತ್ತೆವು. ಅಂಗಳದಲ್ಲಿ ಶಿವಾನಿ ಕಂಬ ಹಿಡಿದು ಒಬ್ಬಳೇ ಕುಂಟಾಬಿಲ್ಲೆ ಆಡುತ್ತಿದ್ದಳು.

ಆಮೇಲೆ ಅಜ್ಜಿ ಎದ್ದು ತಂಬಿಗೆ ತುಂಬಿ ನನ್ನ ಪಕ್ಕ ಇಟ್ಟಳು. "ಅಪ್ಪಣ್ಣ ಹೊಲದಿಂದ ಬಂದಿಂದ ನೀನಽ ಕೊಡು. ಕೊಟ್ಟು ಹೇಳು."

ಏನೆಂದು ಹೇಳಲಿ. ನನ್ನ ಕೈಯಲ್ಲ ಮಾವ, ನಮ್ಮಿಬ್ಬರ ರಕ್ತ... ಇವನಿಗೆ ಅದನ್ನು ಹೇಳುವ ಬದಲು ಇನ್ನೂ ಆರು ವರ್ಷ ಆ ತಪ್ಪು ಹೊತ್ತುಕೊಂಡೇ ಇರಬಹುದಿತ್ತೇನೋ.

ಬಂದ. ಕಾಲು ತೊಳೆಯುತ್ತಿದ್ದಾನೆ. ತುಂಬಿದ ತಂಬಿಗೆ ಎಡಗೈಯಲ್ಲಿ ಎತ್ತಿದರೆ ತುಳುಕಿ ನೀರು ಈ ಪುಟದ ಮೇಲೆ