ನೀಲಿ ಬಣ್ಣದ ಮಧ್ಯಾಹ್ನ

ರಬಕವಿ
೧೪ ಜೂನ್ ೨೦೦೮

ಪ್ರೀತಿಯ ಉಜ್ವಲಾ ಅಕ್ಕಾರಿಗೆ, ಮಾಲಾ ಮಾಡುವ ನಮಸ್ಕಾರಗಳು.

ಕ್ಷೇಮ ಸಮಾಚಾರ ಆಮೇಲೆ. ಮೊದಲು ಸುದ್ದಿ: ಕೋಣೆ ಸಿಕ್ಕಿತು. ನಿಮ್ಮ ಶಾಂತವ್ವ ಅತ್ತೆ ನಿನ್ನೆ ಸಂಜೆ ತಾವೇ ಬೀಗದ ಕೈ ತಂದು ನನ್ನ ಅಂಗೈಯಲ್ಲಿಟ್ಟರು. ಪುಣೆಯಲ್ಲಿ ಕುಳಿತು ನೀವು ಉಗುರು ಕಚ್ಚುತ್ತಿದ್ದರೆ ಇನ್ನು ಸಾಕು ಮಾಡಿ. ನಾನಂತೂ ನಿನ್ನೆಯ ಪಾಳಿಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತ ಬಾಯಿಗೆ ಬಂದದ್ದು ಹಾಡಿದೆ. ತಂಗಿ ರೇಷ್ಮಾ ಬೆನ್ನಿಗೊಂದು ಗುದ್ದಿ ಸುಮ್ಮನಿರಿಸಿದಳು.

ಮನಸ್ಸು ಹಗುರಾಗಿದೆ ಅಕ್ಕಾರೇ. ಹಗುರಾದದ್ದಕ್ಕೇ ಈಗ ನಿಮ್ಮನ್ನು ಬೈಯಲು ಧೈರ್ಯ ಬಂದಿದೆ. ಫೋನಿನಲ್ಲಿ ಅಳು ಬಂದು ಅರ್ಧಕ್ಕೇ ಇಟ್ಟಿದ್ದೆ, ಉಳಿದರ್ಧ ಈ ಕಾಗದದಲ್ಲಿದೆ. ನಿಮಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ. ಏಕೆಂದರೆ ನೀವು ನಮ್ಮ ಮೇಲೆ ತೆಗೆದ ಚಿತ್ರ ನೋಡಿದ ಮೇಲೆ, ನಮ್ಮ ಬಗ್ಗೆ ನಿಮಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ನನಗೇ ಅನುಮಾನ ಬಂದಿದೆ.

ಬೀಳಗಿ ಕಡೆಯ ನಮ್ಮ ಊರು ಹಿನ್ನೀರಿನಲ್ಲಿ ಮುಳುಗಿತು. ಅವ್ವ ತೀರಿಕೊಂಡಳು. ಪುನರ್ವಸತಿಯಲ್ಲಿ ಕೊಟ್ಟ ಮನೆ ಕಾಕಾನ ಹೆಸರಿಗೆ ಹೋಯಿತು. ಅಣ್ಣ ಭೀಮಶಿ, ನಾನು, ರೇಷ್ಮಾ ಮೂವರೂ ಇಲ್ಲಿಗೆ ಬಂದು ಗಿರಿಮಲ್ಲಪ್ಪ ಮಾಮಾನ ಮಗ್ಗದ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತೆವು. ಹಗಲು ಕರೆಂಟು ಆಗಾಗ ಕೈಕೊಡುತ್ತದೆ ಎಂದು ನಮ್ಮದು ಯಾವಾಗಲೂ ರಾತ್ರಿ ಪಾಳಿ. ಅಣ್ಣ ಮಗ್ಗ ನಡೆಸುತ್ತಾನೆ, ನಾವಿಬ್ಬರೂ ಕಂಡಿಕೆ ಸುತ್ತುತ್ತೇವೆ. ಹೊತ್ತೇರಿದ ಮೇಲೆ ಅದೇ ಶೆಡ್ಡಿನ ಮೂಲೆಯಲ್ಲಿ ಮಲಗುತ್ತೇವೆ. ಮಾಮಾ ಒಳ್ಳೆಯವರೇ. ಆದರೆ ಈ ಮಳೆಗಾಲದೊಳಗೆ ಆ ಮೂಲೆಗೆ ಹೊಸ ಮಗ್ಗ ಬರುವುದಿತ್ತು. ಕೋಣೆ ಸಿಗದಿದ್ದರೆ ಅಣ್ಣ ಇಚಲಕರಂಜಿಗೆ ದುಡಿಯಲು ಹೋಗುವುದು, ನಾವಿಬ್ಬರೂ ಕಾಕಾನ ಮನೆ ಸೇರುವುದು ಎಂದಾಗಿತ್ತು. ಕಾಕಾ ಆಗಲೇ ರೇಷ್ಮಾಳಿಗೆ ಒಬ್ಬ ಗಂಡನ್ನು ನೋಡಿಟ್ಟಿದ್ದ. ಆತನಿಗೆ ಎರಡನೆಯ ಮದುವೆ, ಅವಳಿಗೆ ಇನ್ನೂ ಹದಿನಾರು. ಇದನ್ನು ನಿಮ್ಮ ಕ್ಯಾಮೆರಾದ ಮುಂದೆ ನಾನು ಹೇಳಿರಲಿಲ್ಲ.

ಆಗಲೇ ಅಲ್ಲವೇ ನೀವು ಅತ್ತೆಯವರ ಹಿತ್ತಲ ಕೋಣೆಯ ಮಾತು ತೆಗೆದದ್ದು? ಅತ್ತೆಯವರ ಮನೆಯಲ್ಲಿ ಬಾಡಿಗೆಯವರು ನಿಲ್ಲುವುದಿಲ್ಲ ಎಂದು ಓಣಿಗೆಲ್ಲ ಗೊತ್ತು. ಜೈನರಾದ್ದರಿಂದ ಹೊತ್ತು ಮುಳುಗಿದ ಮೇಲೆ ಅವರು ಊಟ ಮಾಡುವವರಲ್ಲ, ಆ ಹೊತ್ತಿಗೆ ಅಂಗಳದಲ್ಲಿ ಒಲೆ ಉರಿಯುವುದನ್ನೂ ಒಗ್ಗರಣೆ ಚುರ್‌ ಎನ್ನುವುದನ್ನೂ ಸಹಿಸುವವರಲ್ಲ. ಬಾಡಿಗೆಗೆ ಬಂದವರಿಗೆಲ್ಲ ದೀಪ ಹಚ್ಚಿದ ಮೇಲೆಯೇ ಹಸಿವೆ. ನಮ್ಮದು ರಾತ್ರಿ ಪಾಳಿ, ಬೆಳಕಿರುವಾಗಲೇ ಉಂಡು ಶೆಡ್ಡಿಗೆ ಹೋಗುವವರು ನಾವು ಎಂದಾಗ ಅತ್ತೆಯವರ ಮುಖ ಅರಳಿದ್ದನ್ನು ನೀವೂ ನೋಡಿದ್ದೀರಿ. 'ಹಂಗಾದ್ರ ನೀವು ನನ್ನ ಸಲುವಾಗೇ ಹುಟ್ಟಿ ಬಂದವರು' ಎಂದರು. ಮಾಂಸ, ಮೊಟ್ಟೆ ಹೊಸ್ತಿಲು ದಾಟಬಾರದು ಎಂದದ್ದಕ್ಕೂ ಒಪ್ಪಿಕೊಂಡೆವು. ಅಣ್ಣನ ಮುಖ ಮಾತ್ರ ಸ್ವಲ್ಪ ಬಾಡಿತು.

ಆಮೇಲೆ ಜಮಖಂಡಿಯ ಕಾಲೇಜಿನಲ್ಲಿ ನಿಮ್ಮ ಚಿತ್ರ ತೋರಿಸಿದರು. ಸೊಸೆ ತೆಗೆದ ಪಿಕ್ಚರ್ ಎಂದು ಅತ್ತೆಯವರು ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕುಳಿತರು. ಪರದೆಯ ಮೇಲೆ ಶೆಡ್ಡು ಬಂತು, ನೀಲಿ ನೀಲಿ ಕತ್ತಲೆ. ಎಲ್ಲೋ ನಾಯಿ ಊಳಿಡುತ್ತಿದೆ, ಕೊಳಲು ಅಳುತ್ತಿದೆ. ಕೆಳಗೆ ಮೂರು ಜೀವಗಳು ಮುದುಡಿ ಮಲಗಿವೆ. ನೀವು ಅದನ್ನು ತೆಗೆದದ್ದು ಸುಡುವ ಮಧ್ಯಾಹ್ನದಲ್ಲಿ, ಬಾಗಿಲು ಮುಂದೆ ಮಾಡಿ, ನೂಲು ಸುತ್ತುವ ಬೀಮುಗಳ ರಾಶಿಯ ಮೇಲೆ ಹತ್ತಿ ನಿಂತು. ಮೇಲಿನಿಂದ ನೋಡಿದರೆ ಮಲಗಿದವರು ಯಾರಾದರೂ ಬಿದ್ದವರ ಹಾಗೇ ಕಾಣುತ್ತಾರೆ. ನಿಮ್ಮನ್ನೇ ಹಾಗೆ ಒಮ್ಮೆ ತೆಗೆದು ತೋರಿಸಬೇಕು.

ಇನ್ನು ಅಣ್ಣನ ಮಾತು. ನಿಮ್ಮ ಊರು ಎಲ್ಲಿ ಎಂದು ನೀವು ಕೇಳಿದಿರಿ, ಅವನು ಸುಮ್ಮನಾದ. ಆ ಮೌನದಲ್ಲಿ ನೀವು ಅವನ ಕಣ್ಣನ್ನು ಪರದೆ ತುಂಬ ತೋರಿಸಿದಿರಿ, ಸಭೆಯೆಲ್ಲ ಮೂಗು ಒರೆಸಿಕೊಂಡಿತು. ಅಕ್ಕಾರೇ, ಅವನ ಬಾಯಿ ತುಂಬ ಶೇಂಗಾ ಇತ್ತು! ನುಂಗಿದ ಮೇಲೆ ಅವನು ಊರಿನ ಹೆಸರು ಹೇಳಿದ, ಈಜು ಕಲಿತ ಬಾವಿಯ ಕಥೆ ಹೇಳಿ ನಕ್ಕ. ಅದನ್ನು ಕತ್ತರಿಸಿಬಿಟ್ಟಿರಿ. ಅವನಿಗೆ ದುಃಖ ಇಲ್ಲವೆಂದು ನಾನು ಹೇಳುವುದಿಲ್ಲ, ಬೇಕಾದಷ್ಟಿದೆ. ಆ ಹೊತ್ತಿನಲ್ಲಿ ಮಾತ್ರ ಶೇಂಗಾ ಇತ್ತು.

ಚಿತ್ರ ಮುಗಿದ ಮೇಲೆ ಎಷ್ಟೋ ಜನ ಬಂದು ನಮ್ಮ ತಲೆ ಸವರಿದರು. ಅತ್ತೆಯವರು ಎಲ್ಲರಿಗಿಂತ ಹೆಚ್ಚು ಅತ್ತಿದ್ದರು. ಮರುದಿನ ನಾನು ಕೋಣೆ ಗುಡಿಸಲೆಂದು ಹೋದರೆ ಅಂಗಳದಲ್ಲೇ ತಡೆದು ನಿಲ್ಲಿಸಿದರು. 'ರಾತ್ರಿ ಪಾಳಿ ಅಂದಿದ್ರಿ. ರಾತ್ರಿ ಮೂರೂ ಮಂದಿ ಗಡದ್ದಾಗಿ ಮಲ್ಕೊಂಡೀರಿ, ನನ್ನ ಕಣ್ಣೀಲೆ ನೋಡೀನಿ. ನಾಳೆ ನನ್ನ ಮನ್ಯಾಗ ರಾತ್ರಿ ಒಲಿ ಹಚ್ಚೂದಿಲ್ಲಂತ ಹೆಂಗ ನಂಬಲಿ? ಬಡವರಾದ್ರ ಆಗ್ರಿ, ಸುಳ್ಳ ಯಾಕ ಹೇಳತೀರಿ?' ಎಂದರು. ಅದು ಮಧ್ಯಾಹ್ನ ತೆಗೆದದ್ದು ಎಂದು ನಾನು ದೇವರಾಣೆ ಮಾಡಿದೆ. 'ಪಿಕ್ಚರ್ ಸುಳ್ಳ ಹೇಳತೈತೇನು?' ಎಂದರು. ಗಿರಿಮಲ್ಲಪ್ಪ ಮಾಮಾ ಹೋಗಿ ಹೇಳಿದರೆ, ತನ್ನ ಶೆಡ್ಡಿನ ಮೂಲೆ ಖಾಲಿಯಾಗಲೆಂದು ಆತ ಹೀಗೆ ಹೇಳುತ್ತಾನೆ ಎಂದು ಅವರನ್ನೂ ಹಿಂದಕ್ಕೆ ಕಳಿಸಿದರು.

ಅಂದೇ ಅಣ್ಣ ಇಚಲಕರಂಜಿಗೆ ಹೋಗುವ ಗಾಡಿ ವಿಚಾರಿಸಿಕೊಂಡು ಬಂದ. ರೇಷ್ಮಾ ಏನೂ ಮಾತಾಡದೆ ತನ್ನ ಬಟ್ಟೆ ಮಡಿಚಿಟ್ಟಳು. ಅವಳು ಮಾತಾಡದಿದ್ದರೆ ನನಗೆ ಜೀವ ಹಾರುತ್ತದೆ. ಅದಕ್ಕೇ ನಾನು ಓಡಿಹೋಗಿ ನಿಮಗೆ ಫೋನು ಮಾಡಿದ್ದು.

ನೀವು ಫೋನಿನಲ್ಲಿ ಹೇಳಿದ್ದನ್ನು ನಾನು ಮರೆತಿಲ್ಲ. ಹಾಡುಹಗಲು ಮಲಗಿದ್ದನ್ನು ತೋರಿಸಿದರೆ ಜನ ಇವರನ್ನು ಮೈಗಳ್ಳರು ಎನ್ನುತ್ತಾರೆ, ಅದಕ್ಕೇ ಹೆದರಿ ನೀಲಿ ಬಳಿದು ರಾತ್ರಿ ಮಾಡಿದೆ ಎಂದಿರಿ. ಅಲ್ಲಿಗೆ ನನ್ನ ಸಿಟ್ಟು ಅರ್ಧ ಇಳಿಯಿತು. ನಮ್ಮನ್ನು ಕಾಯಲು ಹೋಗಿಯೇ ಹೀಗೆ ಮಾಡಿದ್ದೀರಿ. ಆದರೆ ರಾತ್ರಿಯೆಲ್ಲ ದುಡಿದವರು ಎಂದು ಒಂದು ಮಾತು ಸೇರಿಸಿದ್ದರೆ ಸಾಕಿತ್ತಲ್ಲ.

ಅಂತೂ ನೀವು ಹೊಸದಾಗಿ ಜೋಡಿಸಿ ಕಳಿಸಿದ ಸೀಡಿ ಬಸ್ಸಿನಲ್ಲಿ ಬಂದು ಮುಟ್ಟಿತು. ಇನ್ನೊಮ್ಮೆ ಆ ಪಿಕ್ಚರ್ ನೋಡುವುದಿಲ್ಲ ಎಂದು ಅತ್ತೆಯವರು ಹಟ ಹಿಡಿದಿದ್ದರು. ಮಾಮಾನ ಹೆಂಡತಿ ಮುದಕವ್ವ ಚಿಗವ್ವ, ಸೊಸೆಯ ಜೊತೆ ನೆಂಟಸ್ತಿಕೆ ಕೆಡಿಸಿಕೊಳ್ಳಬೇಡಿ ಎಂದು ಹೇಳಿ ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಅವರನ್ನು ಕೈಹಿಡಿದೇ ತನ್ನ ಮನೆಗೆ ಕರೆತಂದಳು. ಪಡಸಾಲೆಯಲ್ಲಿ ಟೀವಿ ಹಚ್ಚಿದರು. ನಾವು ಮೂವರೂ ಬಾಗಿಲ ಬಳಿ ನಿಂತಿದ್ದೆವು, ಕುಳಿತುಕೊಳ್ಳಲು ಧೈರ್ಯವಾಗಲಿಲ್ಲ.

ಅದೇ ಶೆಡ್ಡು ಬಂತು. ಆದರೆ ನೀಲಿ ಇರಲಿಲ್ಲ, ಒಡೆದ ತಗಡಿನಿಂದ ಇಳಿದ ಬಿಸಿಲು ರೇಷ್ಮಾಳ ಮುಖದ ಮೇಲೆ ಬಿದ್ದಿತ್ತು. ಕೊಳಲಿಲ್ಲ, ನಾಯಿಯಿಲ್ಲ. ಪಕ್ಕದ ಶೆಡ್ಡಿನ ಮಗ್ಗಗಳು ಖಟಖಟ ಎನ್ನುತ್ತಿದ್ದವು. ಅತ್ತೆಯವರು ಹುಬ್ಬು ಗಂಟಿಕ್ಕಿಕೊಂಡೇ ಕುಳಿತಿದ್ದರು. ಬಿಸಿಲನ್ನೂ ಇವರು ಬಣ್ಣ ಎನ್ನುತ್ತಾರೆ ಎಂದುಕೊಂಡೆ. ಅಷ್ಟರಲ್ಲಿ ಟೀವಿಯಲ್ಲೇ ಶೆಡ್ಡಿನ ಹೊರಗಿನಿಂದ ಒಂದು ಕೂಗು ಕೇಳಿಸಿತು: 'ಬದನಿಕಾಯಿ... ಎಳೀ ಸವತಿಕಾಯಿ...'

ಅತ್ತೆಯವರು ಕುಳಿತಲ್ಲೇ ನೆಟ್ಟಗಾದರು. 'ಇದು ನಮ್ಮ ಕರೆವ್ವನ ದನಿ!'

ಕರೆವ್ವ ದಿನಾಲೂ ಬುಟ್ಟಿ ಹೊತ್ತು ನಮ್ಮ ಶೆಡ್ಡು ದಾಟಿ ಅತ್ತೆಯವರ ಓಣಿಗೆ ಹೋಗುವವಳು. ಅವಳ ಜೊತೆ ಚೌಕಾಸಿ ಮಾಡದೆ ಅತ್ತೆಯವರಿಗೆ ಮಧ್ಯಾಹ್ನವಾಗುವುದಿಲ್ಲ. 'ಏ ಮುದಕವ್ವಾ, ಮತ್ತೊಮ್ಮೆ ಹಚ್ಚವಾ' ಎಂದರು. ಮತ್ತೆ ಹಚ್ಚಿದರು, ಮತ್ತೆ ಕೂಗು ಕೇಳಿಸಿತು. 'ಕರೆವ್ವ ಬಿಸಲ ನೆತ್ತಿಗೆ ಬಂದಾಗ ಬರಾಕಿ. ರಾತ್ರ್ಯಾಗ ಯಾರರ ಬದನಿಕಾಯಿ ಮಾರತಾರೇನು?' ಎಂದು ನಮ್ಮನ್ನೇ ಗದರಿಸಿ ಕೇಳಿದರು, ನಾವೇ ಮಾರಲು ಕಳಿಸಿದವರ ಹಾಗೆ. ಚಿಗವ್ವ ಬಿದ್ದು ಬಿದ್ದು ನಕ್ಕಳು.

ಟೀವಿಯಲ್ಲಿ ಅಣ್ಣ ಶೇಂಗಾ ನುಂಗಿ ಬಾವಿಯ ಕಥೆ ಹೇಳುತ್ತಿದ್ದ. ಅತ್ತೆಯವರು ಅದನ್ನು ಪೂರ್ತಿ ಕೇಳಿದರು, ಕಥೆ ಮುಗಿಯುವ ಹೊತ್ತಿಗೆ ನಕ್ಕರು. ಬಾಗಿಲ ಕಡೆ ತಿರುಗಿ, 'ಇಷ್ಟ ಸಪ್ಪಳದಾಗ ಮಲಗತೀರಿ ಅಂದ್ರ ಎಷ್ಟ ದಣದಿರಬೇಕವಾ' ಎಂದರು. ಅವರ ಕಣ್ಣಲ್ಲಿ ಈ ಸಲ ನೀರಿರಲಿಲ್ಲ. ಕೋಣೆಗೆ ಗಾಳಿ ಕಡಿಮೆ, ಕಿಟಕಿ ಸರಿ ಮಾಡಿಸಬೇಕು ಎಂದು ಅಲ್ಲೇ ಅಣ್ಣನ ಜೊತೆ ಮಾತಿಗೆ ಇಳಿದರು. ಹಗಲಿಗೂ ಬಣ್ಣ ಬಳಿಯುವ ಆ ಉಜ್ವಲಾ ಬರಲಿ, ಕಿವಿ ಹಿಂಡುತ್ತೇನೆ ಎಂದದ್ದನ್ನೂ ನಿಮಗೆ ತಲುಪಿಸಿದ್ದೇನೆ. ಹೊತ್ತು ಮುಳುಗುವುದರೊಳಗೆ ಊಟವಾಗಬೇಕೆಂದು ಅವಸರದಿಂದ ಹೋದವರು, ಉಂಡವರೇ ಬೀಗದ ಕೈ ಹಿಡಿದು ಶೆಡ್ಡಿಗೆ ಬಂದರು.

ಇಚಲಕರಂಜಿಯ ಮಾತನ್ನು ಅಣ್ಣ ಮತ್ತೆ ಎತ್ತಿಲ್ಲ. ಕಾಕಾನಿಗೆ, ನಮಗೆ ಮನೆಯಾಗಿದೆ, ರೇಷ್ಮಾ ಬರುವುದಿಲ್ಲ ಎಂದು ಅವನೇ ಫೋನು ಮಾಡಿ ಹೇಳಿದ. ರೇಷ್ಮಾ ಇವತ್ತು ಬೆಳಿಗ್ಗೆಯಿಂದ ಒಂದೇ ಸಮನೆ ವಟವಟ ಎನ್ನುತ್ತಿದ್ದಾಳೆ, ಅವಳ ಬಾಯಿ ಮುಚ್ಚಿಸುವುದೇ ಈಗ ಕಷ್ಟವಾಗಿದೆ. ಕೇಳುತ್ತ ಕುಳಿತರೆ ನನಗೆ ಅದೆಷ್ಟು ಸುಖವೆನ್ನಿಸುತ್ತದೆ ಎಂದು ಅವಳಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಊರಿಗೆ ಬಂದಾಗ ನಮ್ಮ ಕೋಣೆಯಲ್ಲೇ ಊಟ ಮಾಡಬೇಕು. ಬೆಳಕಿರುವಾಗ ಬನ್ನಿ.

ನಿಮ್ಮ ಮೇಲಿನ ಸಿಟ್ಟನ್ನೆಲ್ಲ ಬರೆದು ಮುಗಿಸಿದ,
ನಿಮ್ಮ ಮಾಲಾ

ತಾ.ಕ.: ಒಂದು ಮಾತನ್ನು ಮೇಲೆ ಬರೆಯಲು ನಾಚಿಕೆಯಾಯಿತು. ಜಮಖಂಡಿಯಲ್ಲಿ ನಿಮ್ಮ ನೀಲಿ ಬಣ್ಣದ ಚಿತ್ರ ನೋಡುವಾಗ ನಾನೂ ಅತ್ತುಬಿಟ್ಟೆ. ಅಲ್ಲಿ ಮುದುಡಿ ಮಲಗಿದವಳು ನಾನೇ ಎಂದು ಗೊತ್ತಿತ್ತು, ಅವತ್ತು ಮಧ್ಯಾಹ್ನ ಎಷ್ಟು ಸೆಕೆಯಿತ್ತು ಎಂಬುದೂ ನೆನಪಿತ್ತು. ಆದರೂ ಅಯ್ಯೋ ಪಾಪ, ಯಾರ ಮಗಳೋ, ಎಂಥ ಚಳಿಯಲ್ಲಿ ಮಲಗಿದ್ದಾಳೆ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡೆ. ಆದ್ದರಿಂದ ಅತ್ತೆಯವರ ಮೇಲೆ ನೀವು ಬೇಸರ ಮಾಡಿಕೊಳ್ಳಬೇಡಿ. ನನ್ನದೇ ಒಂದು ಮನೆಯಿದ್ದಿದ್ದರೆ, ರಾತ್ರಿ ಪಾಳಿ ಎಂದು ಹೇಳಿ ರಾತ್ರಿಯೇ ಮಲಗಿದ್ದ ಆ ಹುಡುಗಿಗೆ ಅದನ್ನು ನಾನೂ ಬಾಡಿಗೆಗೆ ಕೊಡುತ್ತಿರಲಿಲ್ಲ.